ನಾಯಿಗೆ ಕ್ಷೌರ ಮಾಡಿಸುವ ಕಷ್ಟಸುಖ

ಹಿಡಿದ ಕೆಲಸವನ್ನು ನಡುವೆ ಕೈಬಿಟ್ಟವನು ನಾನು, ಒಂದು ಸಲವಲ್ಲ, ಎಷ್ಟೋ ಸಲ. ಸಂಗೀತ ಬಿಟ್ಟೆ, ನಸ್ಯ ಬಿಟ್ಟೆ, ಆಮೇಲೆ ನಸ್ಯ ಬಿಡುವುದನ್ನೂ ಬಿಟ್ಟೆ. ಇದರಿಂದ ಯಾರಿಗೂ ನಷ್ಟವಾಗಲಿಲ್ಲ. ಸಂಗೀತ ಬಿಟ್ಟದ್ದರಿಂದ ನೆರೆಹೊರೆಯವರಿಗೆ ಲಾಭವೇ ಆಯಿತೆಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ. ಆದರೆ ಒಂದೇ ಒಂದು ಸಲ, ಬಿಡಬಾರದ ಹೊತ್ತಿನಲ್ಲಿ ಬಿಟ್ಟೆ. ಆಗ ನನ್ನ ಕೈಯಲ್ಲಿ ಇದ್ದದ್ದು ಒಂದು ನಾಯಿಯ ಮೂತಿ.

ಎರಡನೆಯ ಮಹಾಯುದ್ಧದ ಕಾಲ. ಮಂಡ್ಯದ ನಾಲೆ ಆಫೀಸಿನಲ್ಲಿ ನಾನು ಗುಮಾಸ್ತ. ನಮ್ಮ ಇಂಜಿನಿಯರ್ ಸಾಹೇಬರಿಗೆ ವರ್ಗವಾದಾಗ ಅವರು ಕಡತಗಳನ್ನು ಮುಂದಿನವರಿಗೂ ನಾಯಿಯನ್ನು ನನಗೂ ಒಪ್ಪಿಸಿ ಹೊರಟರು. "ನಿಮ್ಮ ಮನೆ ಹಿತ್ತಲು ದೊಡ್ಡದಾಗಿದೆಯಲ್ಲ" ಅಂದರು. ಮೇಲಿನವರ ಮುಂದೆ "ಆಗುವುದಿಲ್ಲ" ಎಂಬ ಮಾತು ನನ್ನ ಬಾಯಿಗೆ ಬರುವುದು ಅವರು ರೈಲು ಹತ್ತಿದ ಮೇಲೆ. ಹೀಗೆ ಜಿಮ್ಮಿ ನಮ್ಮ ಮನೆಗೆ ಬಂತು. ಸೀಮೆ ನಾಯಿ, ಕಿವಿಯಿಂದ ಪಾದದವರೆಗೆ ಜೋಲು ಕೂದಲು. ಯಾವುದೋ ಚಳಿಯ ದೇಶಕ್ಕೆಂದು ಹೊಲಿಸಿದ ಅಂಗಿ ತೊಟ್ಟು ಮಂಡ್ಯದ ಬೇಸಿಗೆಗೆ ಬಂದಿತ್ತು, ಪಾಪ. ಕಬ್ಬಿನ ಗದ್ದೆಯ ಕಡೆ ಒಂದು ಸುತ್ತು ಹೋಗಿ ಬಂದರೆ ಮುಳ್ಳುಬೀಜ, ಒಣ ಸೋಗೆ, ಉಣ್ಣಿ ಎಲ್ಲವೂ ಅದರ ಮೈಮೇಲೆ. ಕೂದಲು ಗಂಟುಗಟ್ಟಿ ಕಿವಿಯ ಹಿಂದೆ ಹುಣ್ಣಾಯಿತು. "ಇದಕ್ಕೆ ಕ್ಷೌರ ಮಾಡಿಸಿ, ಇಲ್ಲ ನನ್ನನ್ನು ತವರಿಗೆ ಕಳಿಸಿ" ಎಂದಳು ನನ್ನ ಹೆಂಡತಿ. ಎರಡರಲ್ಲಿ ಯಾವುದು ಸುಲಭವೆಂದು ನಾನು ಸ್ವಲ್ಪ ಹೊತ್ತು ಯೋಚಿಸಿದ್ದು ಅವಳಿಗೆ ಹಿಡಿಸಲಿಲ್ಲ.

ನಮ್ಮಲ್ಲಿ ಮನುಷ್ಯರ ಕೂದಲು ತೆಗೆಯುವುದಕ್ಕೆ ಎಷ್ಟೊಂದು ಶಾಸ್ತ್ರವಿದೆ ನೋಡಿ. ಮಗುವಿನ ಚೌಲಕ್ಕೆ ಮುಹೂರ್ತ ಬೇಕು. ಮಂಗಳವಾರ ಕ್ಷೌರ ಕೂಡದು, ಶನಿವಾರ ಕೂಡದು, ಹೆಂಡತಿ ಬಸುರಿಯಾದರೆ ಗಂಡನಿಗೆ ಕೂಡದು. ಕುರಿಗಾದರೂ ವರ್ಷಕ್ಕಿಷ್ಟು ಸಲ ಎಂದು ಕತ್ತರಿ ಬೀಳುತ್ತದೆ. ನಾಯಿಯ ಕ್ಷೌರದ ವಿಷಯದಲ್ಲಿ ಮಾತ್ರ ನಮ್ಮ ಹಿರಿಯರು ತುಟಿ ಬಿಚ್ಚಿಲ್ಲ. ಬಿಚ್ಚುವ ಅಗತ್ಯವೂ ಇರಲಿಲ್ಲ, ನಮ್ಮ ಬೀದಿಯ ನಾಯಿಗಳಿಗೆ ಮೈಕೂದಲೆಂದರೆ ಲೆಕ್ಕಕ್ಕೆ ಮಾತ್ರ. ನಮ್ಮ ಮನೆಗೆ ಬರುತ್ತಿದ್ದ ಕ್ಷೌರಿಕನ ಹತ್ತಿರ ಮೆಲ್ಲಗೆ ಈ ವಿಷಯ ತೆಗೆದೆ. ಅವನು ಹಡಪ ಕಟ್ಟಿಕೊಂಡು ಎದ್ದವನು ಎರಡು ತಿಂಗಳು ನನ್ನ ತಲೆಗೂ ಬರಲಿಲ್ಲ.

ಕೊನೆಗೆ ಸಿಕ್ಕಿದವರು ಮದ್ದೂರಿನ ಬುಡನ್ ಸಾಬರು. ಎತ್ತುಗಳಿಗೆ ಲಾಳ ಕಟ್ಟುವುದು, ಜಟಕಾ ಕುದುರೆಗಳ ಮೈಕೂದಲು ಕತ್ತರಿಸುವುದು ಅವರ ಮನೆತನದ ಕಸುಬು. ಮಂಡ್ಯದ ಬಂಗಲೆಗಳಲ್ಲಿ ಸೀಮೆ ನಾಯಿಗಳು ಹೆಚ್ಚಾದಾಗ ಅದೇ ಕತ್ತರಿಯನ್ನು ನಾಯಿಗಳಿಗೂ ತಂದರು. ಬಂಗಲೆಯವರ ಕೈ ಎತ್ತಿನ ಒಡೆಯರ ಕೈಗಿಂತ ಧಾರಾಳ. ಹೀಗಾಗಿ ವಾರಕ್ಕೆರಡು ದಿನ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಮನೆಯಲ್ಲಿ ಹೆಂಡತಿ, ವಯಸ್ಸಾದ ತಾಯಿ, ಮೂರು ಹೆಣ್ಣುಮಕ್ಕಳು. ಎಲ್ಲರ ಊಟವೂ ಆ ಒಂದು ಬಲಗೈಯಿಂದ.

ಎತ್ತಿಗೆ ಲಾಳ ಕಟ್ಟುವುದನ್ನು ನೀವು ನೋಡಿರಬೇಕು. ಕಾಲಿಗೆ ಹಗ್ಗ ಸುತ್ತಿ, ಒಂದೇ ಎಳೆತಕ್ಕೆ ಕೆಡವಿ, ನಾಲ್ಕು ಕಾಲನ್ನೂ ಒಟ್ಟಿಗೆ ಬಿಗಿದು, ಒಬ್ಬ ತಲೆ ಒತ್ತಿ ಹಿಡಿಯುತ್ತಾನೆ, ಇನ್ನೊಬ್ಬ ಮೊಳೆ ಹೊಡೆಯುತ್ತಾನೆ. ಎತ್ತು ನಿಟ್ಟುಸಿರು ಬಿಡುತ್ತ ಬಿದ್ದಿರುತ್ತದೆ. ಬುಡನ್ ಸಾಬರು ನಾಯಿಗೂ ಅದೇ ಕ್ರಮ ಹಿಡಿದಿದ್ದರು. ತಂದೆ ಕಲಿಸಿದ್ದು ಅದೊಂದೇ ಕ್ರಮ. ಎತ್ತಿಗೆ ಕಚ್ಚುವ ಅಭ್ಯಾಸವಿಲ್ಲ, ನಾಯಿಗೆ ಇದೆ ಎಂಬ ಸಣ್ಣ ವ್ಯತ್ಯಾಸವನ್ನು ಬಂಗಲೆಯ ಚಿಕ್ಕ ನಾಯಿಗಳು ಅವರಿಗೆ ಇನ್ನೂ ತಿಳಿಸಿಕೊಟ್ಟಿರಲಿಲ್ಲ.

"ಸ್ವಾಮಿ, ನೀವು ಮೂತಿ ಗಟ್ಯಾಗಿ ಇಡ್ಕಳಿ. ಮಿಕ್ಕಿದ್ದು ನಂಗೆ ಬುಡಿ" ಎಂದರು. ಜಿಮ್ಮಿ ಹಗ್ಗದಲ್ಲಿ ಬಿದ್ದು ನಡುಗುತ್ತಿತ್ತು. ಕತ್ತರಿ ಕಿವಿಯ ಹುಣ್ಣಿನ ಹತ್ತಿರ ಬಂತು. ಅಷ್ಟರಲ್ಲಿ ನನಗೆ ಒಂದು ಸೀನು. ಆಗಷ್ಟೇ ಒಂದು ಚಿಟಿಕೆ ನಸ್ಯ ಏರಿಸಿದ್ದೆ. ಸೀನುವಾಗ ಮನುಷ್ಯನ ಎರಡು ಕೈಗಳೂ ತಾವಾಗಿಯೇ ಮೂಗಿಗೆ ಹೋಗುತ್ತವೆ, ಅದು ನನ್ನ ತಪ್ಪಲ್ಲ ಎಂದು ಇಂದಿಗೂ ನನಗೆ ನಾನೇ ಹೇಳಿಕೊಳ್ಳುತ್ತೇನೆ, ಇಂದಿಗೂ ನಂಬುವುದಿಲ್ಲ. ಕಣ್ಣು ಬಿಟ್ಟು ನೋಡಿದರೆ ಸಾಬರ ಬಲಗೈ ಜಿಮ್ಮಿಯ ಬಾಯಲ್ಲಿತ್ತು.

ಹೆಬ್ಬೆರಳು ತೋರುಬೆರಳಿನ ನಡುವೆ ಹಲ್ಲು ಆಳವಾಗಿ ಇಳಿದಿತ್ತು. ಆಸ್ಪತ್ರೆಯ ಡಾಕ್ಟರು ಗಾಯ ತೊಳೆದು, ಔಷಧಿಯಿಂದ ಸುಟ್ಟು, ಕಟ್ಟಿದರು. ಕೈ ಮೊದಲಿನ ಹಾಗೆ ಮಡಿಸಲು ಬಂದೀತೋ ಇಲ್ಲವೋ ನೋಡಬೇಕು ಎಂದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಹತ್ತು ದಿನ ನಾಯಿಯ ಮೇಲೆ ಕಣ್ಣಿಡಿ, ಅದಕ್ಕೇನಾದರೂ ಆದರೆ ತಕ್ಷಣ ಬನ್ನಿ, ಹೊಕ್ಕುಳ ಸುತ್ತ ಸೂಜಿ ಹಾಕಬೇಕಾಗುತ್ತದೆ ಎಂದರು. ಹುಚ್ಚು ಎಂಬ ಮಾತನ್ನು ಅವರು ಆಡಲಿಲ್ಲ. ಆದರೂ ಸಾಬರಿಗೆ ಅದು ಕೇಳಿಸಿತ್ತು. "ಏನೂ ಆಗಾಕಿಲ್ಲ ಬುಡಿ ಸ್ವಾಮಿ, ಎತ್ತು ಒದ್ದಿದ್ದು ಇದ್ಕಿಂತ ನೋವು" ಎಂದು ನನಗೇ ಸಮಾಧಾನ ಹೇಳಿದರು. ಅವರ ಮುಖ ಮಾತ್ರ ಬೂದಿ ಬಣ್ಣಕ್ಕೆ ತಿರುಗಿತ್ತು.

ಆ ಹತ್ತು ದಿನ ನಾನು ಆಫೀಸಿನಲ್ಲಿ ಏನು ಬರೆದೆನೋ ನನಗೆ ತಿಳಿಯದು. ಹುಚ್ಚು ಹಿಡಿದ ನಾಯಿ ನೀರು ಕಂಡರೆ ಹೆದರುತ್ತದೆ ಎಂದು ಕೇಳಿದ್ದೆನಲ್ಲ, ದಿನಕ್ಕೆ ಎಂಟು ಸಲ ತಂಬಿಗೆ ಹಿಡಿದು ಜಿಮ್ಮಿಯ ಮುಂದೆ ಹೋಗಿ ಕೂಡುತ್ತಿದ್ದೆ. ಅದು ಕುಡಿದರೆ ನನ್ನ ಗಂಟಲು ತಣ್ಣಗಾಗುತ್ತಿತ್ತು. "ನೀರು ಕುಡಿಸೀ ಕುಡಿಸೀ ಅದರ ಹೊಟ್ಟೆ ಒಡೆಸ್ತೀರಿ" ಎಂದು ನನ್ನ ಹೆಂಡತಿ ಗದರಿದಳು, ಆದರೆ ನಾನು ಆಫೀಸಿಗೆ ಹೋದ ಮೇಲೆ ಅವಳೂ ತಂಬಿಗೆ ಹಿಡಿದು ಹೋಗುತ್ತಿದ್ದಳೆಂದು ಆಮೇಲೆ ತಿಳಿಯಿತು. ಸಾಬರು ದಿನಾ ಬೆಳಿಗ್ಗೆ ಮದ್ದೂರಿನಿಂದ ರೈಲಿನಲ್ಲಿ ಬಂದು ನಮ್ಮ ಗೇಟಿನ ಆಚೆ ನಿಲ್ಲುತ್ತಿದ್ದರು. "ನೀರು ಕುಡೀತಾ ಸ್ವಾಮಿ?" ಎಂದು ಕೇಳುವರು. "ಕುಡಿಯಿತು ಸಾಬರೇ" ಎನ್ನುವೆ. ಹಾಗೆಯೇ ತಿರುಗಿ ಸ್ಟೇಷನ್ನಿಗೆ ಹೋಗುವರು. ನಡುವೆ ಹನಕೆರೆಯ ಸ್ಟೇಷನ್ ಬಂದಾಗ ಎದೆ ಹೊಡೆದುಕೊಳ್ಳಲು ಶುರುವಾಗುತ್ತಿತ್ತು ಎಂದು ಎಷ್ಟೋ ದಿನದ ಮೇಲೆ ಹೇಳಿದರು.

ಹನ್ನೊಂದನೆಯ ಬೆಳಿಗ್ಗೆ ಜಿಮ್ಮಿ ತಾನೇ ಗೇಟಿಗೆ ಓಡಿ ಅವರನ್ನು ನೋಡಿ ಬಾಲ ಅಲ್ಲಾಡಿಸಿತು. ನನಗಾದ ನೆಮ್ಮದಿಯನ್ನು ಮಾತಿನಲ್ಲಿ ಹೇಳಲಾರೆ ಎನ್ನುವುದು ಬರೆಯುವವರ ಸೋಗು. ಹೇಳಿಯೇ ಬಿಡುತ್ತೇನೆ, ಅತ್ತೆ. ಗೇಟಿನ ಆಚೆ ಸಾಬರೂ ಅತ್ತರು. ನನ್ನ ಹೆಂಡತಿ ಇಬ್ಬರಿಗೂ ಕಾಫಿ ತಂದು ಕೊಟ್ಟಳು.

ಜೀವ ಉಳಿಯಿತು, ಕಸುಬು ಉಳಿಯಲಿಲ್ಲ. ಬೆರಳು ಬಿಗಿತ ಬಿಟ್ಟಿರಲಿಲ್ಲ, ಲಾಳದ ಸುತ್ತಿಗೆ ಹಿಡಿದರೆ ಜಾರುತ್ತಿತ್ತು. ಹಗುರವಾದ ಕತ್ತರಿಯನ್ನು ಹೇಗೋ ಆಡಿಸಬಹುದಿತ್ತು, ಆದರೆ "ಇನ್ನ್ ನಾಯಿ ಸವಾಸ ಸಾಕು ಸ್ವಾಮಿ, ಬೊಗಳೋದು ಕೇಳುದ್ರೆ ಕೈ ನಡುಗ್ತದೆ" ಎಂದುಬಿಟ್ಟರು. ಆರು ಜನ ಉಣ್ಣುವ ಮನೆ. ನನ್ನ ಒಂದು ಸೀನಿಗೆ ಇಷ್ಟು ಉದ್ದದ ಬಾಲ ಇರಬಹುದೆಂದು ಎಣಿಸಿರಲಿಲ್ಲ.

ಆ ತಿಂಗಳು ಆಫೀಸಿನ ಕೆಲಸದ ಮೇಲೆ ಮಳವಳ್ಳಿಗೆ ಹೊರಟಿದ್ದೆ. ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಆಗಿನ ಬಸ್ಸಿನಲ್ಲಿ ಪಕ್ಕದಲ್ಲೇ ಬುಡನ್ ಸಾಬರು. ಸಂತೆಯಲ್ಲಿ ಏನಾದರೂ ಕೆಲಸ ಸಿಕ್ಕೀತೇ ನೋಡಲು ಹೊರಟಿದ್ದರು. ಇಳಿದು ನಾನೂ ಅವರ ಜೊತೆ ಹೋದೆ. ಸಂತೆಯಲ್ಲಿ ಅವರ ಹಳೆಯ ಸ್ನೇಹಿತ ಪೂರಿಗಾಲಿಯ ಚಿಕ್ಕೇಗೌಡರು ಸಿಕ್ಕಿದರು. ಎಳೆಯ ಹೋರಿಗಳನ್ನು ನೊಗಕ್ಕೆ ಪಳಗಿಸುವುದರಲ್ಲಿ ಆ ಸುತ್ತಿನಲ್ಲೇ ಹೆಸರಾದವರು.

"ಏನ್ಲಾ ಬುಡಾನು, ಕೈಗೇನಾಯ್ತ್ಲಾ?" ಎಂದರು.

"ನಾಯಿ ಕಚ್ತು ಕಣ್ಲಾ" ಎಂದು ಸಾಬರು ನಡೆದದ್ದನ್ನೆಲ್ಲ ಹೇಳಿದರು, ನನ್ನ ಸೀನನ್ನೂ ಬಿಡದೆ. ಗೌಡರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. "ಓ, ಮೂತಿ ಬುಟ್ಟೋರು ನೀವೇಯಾ?" ಎಂದು ಕೇಳಿ, ಮತ್ತೆ ಸಾಬರ ಕಡೆ ತಿರುಗಿದರು. "ಕಚ್ದೆ ಮುತ್ತು ಕೊಟ್ಟಾದಾ? ಕಾಲ್ಗೆ ಅಗ್ಗ ಆಕಿ ಕೆಡುವುದ್ರೆ ನಾನೂ ಕಚ್ತೀನಿ. ನಾನು ಓರಿ ಪಳಗ್ಸೋದ ನೀನು ಕಂಡಿಲ್ವಾ? ಮೊದಲ್ನೆ ದಿನವೇ ನೇಗ್ಲು ಕಟ್ಟಾರಾ? ನೊಗವ ಸುಮ್ಕೆ ಉಲ್ಲಿನ ಪಕ್ಕ ಮಡಗ್ಬುಡ್ತೀನಿ. ಎಂಟು ದಿನ ಅದ್ರ ಮಗ್ಗುಲಲ್ಲೇ ಮೇಯ್ತದೆ. ಆಮೇಲೆ ಎಗಲ ಮ್ಯಾಲೆ ಒಂದ್ ಗಳಿಗೆ ಮಡಗಿ ತೆಗೀತೀನಿ. ಬ್ಯಾಡ ಅಂತ ತಲೆ ಎಳ್ಕಂಡ್ರೆ ಬುಟ್ಬುಡ್ತೀನಿ. ಬುಡ್ತಾನೆ ಅಂತ ಗೊತ್ತಾದ ಓರಿ ಗುಮ್ಮೋಕೆ ಬರಾಕಿಲ್ಲ ಕಣ್ಲಾ."

ಮುಂದಿನ ವಾರ ಸಾಬರು ನಮ್ಮ ಹಿತ್ತಲಿಗೆ ಬಂದರು. ಹಗ್ಗ ತಂದಿರಲಿಲ್ಲ. ಕತ್ತರಿಯನ್ನು ಜಿಮ್ಮಿಯಿಂದ ಐದಾರು ಮಾರು ದೂರದಲ್ಲಿ ನೆಲದ ಮೇಲಿಟ್ಟು, "ಅಮ್ಮಾ, ಒಂಚೂರು ಕೊಬ್ರಿ ಇದ್ರೆ ಕೊಡಿ" ಎಂದರು.

ಹೀಗೆ ಶುರುವಾಯಿತು ಪಾಠ. ಜಿಮ್ಮಿ ಕತ್ತರಿಯ ಕಡೆ ನೋಡಿದರೆ ಒಂದು ಚೂರು ಒಣಕೊಬ್ಬರಿ, ಹತ್ತಿರ ಬಂದು ಮೂಸಿದರೆ ಇನ್ನೊಂದು. ಆಮೇಲೆ ದೂರದಿಂದ ಕಚಕ್ ಎಂದು ಒಂದು ಸದ್ದು, ಮತ್ತೆ ಕೊಬ್ಬರಿ. ಕುಳಿತರೆ ಕೊಬ್ಬರಿ, ಪಾದ ಅಂಗೈಯಲ್ಲಿಟ್ಟರೆ ಕೊಬ್ಬರಿ. ನಮ್ಮ ಮನೆಯ ಕೊಬ್ಬರಿ ಡಬ್ಬಿಯ ತಳ ಕಂಡಿತು. ಪಾದ ಹಿಂದಕ್ಕೆ ಎಳೆದುಕೊಂಡರೆ ಸಾಬರು ಬಿಟ್ಟುಬಿಡುತ್ತಿದ್ದರು. ನನಗೋ ತಾಳ್ಮೆಯಿಲ್ಲ. ಒಂದು ಕಿವಿ ಮುಗಿದ ದಿನ "ಇನ್ನೊಂದನ್ನೂ ಮುಗಿಸಿಬಿಡಿ ಸಾಬರೇ" ಎಂದು ಗೋಗರೆದೆ. "ಊಂಹೂಂ, ಇವತ್ತಿಗೆ ಸಾಕು ಅಂತೈತೆ" ಎಂದು ಹೊರಟೇಬಿಟ್ಟರು. ಮೂರು ವಾರ ಜಿಮ್ಮಿ ಅರ್ಧ ಸುಲಿದ ತೆಂಗಿನಕಾಯಿಯ ಹಾಗೆ ಬೀದಿಯಲ್ಲಿ ಓಡಾಡಿತು. ಜನ ನಕ್ಕರು. ಅದು ನಾಚಿಕೊಳ್ಳಲಿಲ್ಲ, ಅದರ ಪರವಾಗಿ ನಾನೇ ನಾಚಿಕೊಂಡೆ.

ಕತ್ತರಿ ಕಂಡರೆ ತಾನಾಗಿ ಬಂದು ಕೂರುವ ನಾಯಿಯ ಸುದ್ದಿ ಬಂಗಲೆಗಳಿಗೆ ಮುಟ್ಟುವುದು ತಡವಾಗಲಿಲ್ಲ. ನಮ್ಮದಕ್ಕೂ ಕಲಿಸಿ ಎಂದು ಒಬ್ಬರಾದ ಮೇಲೆ ಒಬ್ಬರು ಕರೆದರು. ಬಂದವರ ಮೇಲೆ ಎಗರುವುದನ್ನು ಬಿಡಿಸಿ, ಕರೆದರೆ ಬರುವ ಹಾಗೆ ಮಾಡಿ ಎಂದರು. ಸಾಬರು ಒಂದೇ ಕರಾರು ಹಾಕಿದರು: ಮೊದಲು ಪಾಠ, ಆಮೇಲೆ ಕತ್ತರಿ. ಒಂದು ಬಂಗಲೆಯ ಬಟ್ಲರು ಇಷ್ಟು ದಿನ ಯಾಕೆ, ಕಟ್ಟಿಹಾಕಿ ಕತ್ತರಿಸು ಎಂದಾಗ ಸಲಾಂ ಹೇಳಿ ಎದ್ದು ಬಂದರಂತೆ. ಪಾಠಕ್ಕೊಂದು ಕೂಲಿ, ಕ್ಷೌರಕ್ಕೊಂದು ಕೂಲಿ ಸಿಗತೊಡಗಿ ಆ ವರ್ಷ ಮಳೆಗೆ ಮುಂಚೆ ಅವರ ಮನೆಗೆ ಹೊಸ ಹೆಂಚು ಬಂತು. ಲಾಳದ ಸುತ್ತಿಗೆಯನ್ನು ಬೇರೆ ಮನೆಯಲ್ಲಿದ್ದ ತಮ್ಮನಿಗೆ ಕೊಟ್ಟರು.

ನನಗೆ ಚೌಲ ಮಾಡಿಸಿದಾಗ ಮೂರು ಜನ ಹಿಡಿದುಕೊಂಡಿದ್ದರಂತೆ, ನಾನು ಸೋದರಮಾವನ ಹೆಬ್ಬೆರಳು ಕಚ್ಚಿದ್ದೆನಂತೆ. ಹುಟ್ಟಾ ಮೊಂಡ ಎಂದು ಮನೆಯವರೆಲ್ಲ ಇಷ್ಟು ವರ್ಷ ಆಡಿಕೊಂಡರು, ನಾನೂ ಹೌದೆಂದುಕೊಂಡಿದ್ದೆ. ಜಿಮ್ಮಿಯ ಪಾಠ ನೋಡಿದ ಮೇಲೆ ನನ್ನ ಬಗ್ಗೆ ನನಗೆ ಸ್ವಲ್ಪ ಗೌರವ ಹುಟ್ಟಿತು. ಯಾರೂ ಕೊಬ್ಬರಿ ಕೊಟ್ಟು ಕೇಳಿರಲಿಲ್ಲ, ಅಷ್ಟೇ.

ಜಿಮ್ಮಿಯ ಮೈಯೆಲ್ಲ ಮುಗಿದು ಕೊನೆಗೆ ಉಗುರು ಉಳಿದವು. ಅದೇ ಬಲಗೈ, ತೋರುಬೆರಳು ಸ್ವಲ್ಪ ಸೊಟ್ಟ. ಸಾಬರು ಸಣ್ಣ ಇಕ್ಕಳ ಹಿಡಿದು ಕೂತರು. ನಾನು ನಸ್ಯದ ಡಬ್ಬಿಯನ್ನು ಒಳಗಿಟ್ಟು ಬಂದು, ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಜಿಮ್ಮಿ ಒಂದೊಂದೇ ಪಾದ ತಂದು ಅವರ ಅಂಗೈಯಲ್ಲಿಟ್ಟಿತು. ಹದಿನೇಳು ಉಗುರು ಆದವು. ಹದಿನೆಂಟನೆಯದಕ್ಕೆ ಇಕ್ಕಳ ತಾಗಿದಾಗ ಅದು ಪಾದವನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡು ಅವರ ಮುಖ ನೋಡಿತು. ಗುರ್ ಎನ್ನಲಿಲ್ಲ, ಹಲ್ಲು ತೋರಿಸಲಿಲ್ಲ. ಸಾಬರು ಇಕ್ಕಳ ಮುಚ್ಚಿದರು.

"ಒಂದೇ ಒಂದು ಉಳಿದಿದೆ, ರೈಲಿಗೆ ಇನ್ನೂ ಹೊತ್ತಿದೆ ಸಾಬರೇ" ಎಂದೆ.

"ಬ್ಯಾಡ ಅಂತೈತಲ್ಲ ಸ್ವಾಮಿ. ಬರೋ ವಾರ ಬತ್ತೀನಿ ಬುಡಿ" ಎಂದು ಕೊನೆಯ ಚೂರು ಕೊಬ್ಬರಿಯನ್ನು ಅದರ ಬಾಯಿಗೆ ತಾವೇ ಇಟ್ಟು, ಚೀಲ ಹೆಗಲಿಗೇರಿಸಿ ಹೊರಟರು.

ಆ ಒಂದು ಉಗುರು ವಾರವೆಲ್ಲ ನಮ್ಮ ಗಾರೆ ನೆಲದ ಮೇಲೆ ಟಕ್ ಟಕ್ ಎನ್ನುತ್ತಲೇ ಇತ್ತು. ನನ್ನ ಹೆಂಡತಿಗೆ ಅದು ಕಿರಿಕಿರಿ. ನನಗೆ ಮಾತ್ರ ಅದು ಕೇಳಿಸಿದಾಗಲೆಲ್ಲ, ಮದ್ದೂರಿನಲ್ಲಿ ಬುಡನ್ ಸಾಬರು ಐದು ಬೆರಳಿನಲ್ಲೂ ಕಲಸಿಕೊಂಡು ಉಣ್ಣುತ್ತಿದ್ದಾರೆ ಎಂದು ಹಾಯೆನಿಸುತ್ತಿತ್ತು.