ಅರ್ಧ ಚಮಚ ಕಬ್ಬಿಣ

ನನ್ನ ಮಗಳು ಗೋಡೆ ತಿನ್ನುತ್ತಿದ್ದಳು. ತಮಾಷೆಗೆ ಹೇಳುತ್ತಿಲ್ಲ. ಕೊಚ್ಚಿಯ ಪಾಲಾರಿವಟ್ಟಂನಲ್ಲಿದ್ದ ನಮ್ಮ ಬಾಡಿಗೆ ಮನೆಯಲ್ಲಿ, ಮಂಚದ ಹಿಂದಿನ ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆದು ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅವಳಿಗೆ ಆಗಿನ್ನೂ ಎರಡು ತುಂಬಿರಲಿಲ್ಲ. ಡಾಕ್ಟರು ಅವಳ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು, ಆಮೇಲೆ ರಕ್ತ ಕಡಿಮೆಯಿದೆ ಎಂದು ಕಬ್ಬಿಣದ ಮದ್ದು ಬರೆದುಕೊಟ್ಟರು. ದಿನಕ್ಕೆ ಒಂದೇ ಸಲ, ಅರ್ಧ ಚಮಚ. ಹಾಲಿನಲ್ಲಿ ಬೆರೆಸಬಾರದು, ಅಳತೆ ಮೀರಿ ಕೊಡಲೂಬಾರದು. ಒಂದು ತಿಂಗಳಲ್ಲಿ ಏನೂ ಸುಧಾರಿಸದಿದ್ದರೆ ಆಸ್ಪತ್ರೆಗೆ ಸೇರಿಸಿ ರಕ್ತ ಕೊಡಬೇಕಾದೀತು ಎಂದರು.

ಅರ್ಧ ಚಮಚ ತಾನೇ, ಅದೇನು ಮಹಾ ಎಂದುಕೊಂಡೆ. ಮನೆಗೆ ಬಂದು ಬೆರಳಿಗೆ ಹಚ್ಚಿ ನೆಕ್ಕಿ ನೋಡಿದೆ. ಥೂ! ತುಕ್ಕು ಹಿಡಿದ ಮೊಳೆಯನ್ನು ಚೀಪಿದ ಹಾಗಿತ್ತು. ಮೇಲೆ ಯಾವುದೋ ಹಣ್ಣಿನ ವಾಸನೆ ಬೇರೆ ಸೇರಿಸಿದ್ದರು, ಅದು ಇನ್ನೂ ಅಸಹ್ಯ.

ಮದ್ದನ್ನು ಯಾರು ಕೊಟ್ಟರೂ ಮಗಳು ಉಗುಳುತ್ತಿದ್ದಳು. ಆದರೆ ನಾನು ಕೊಟ್ಟರೆ ಮಾತ್ರ ಬಾಯಿಯನ್ನೇ ತೆರೆಯುತ್ತಿರಲಿಲ್ಲ. ಮದ್ದಷ್ಟೇ ಅಲ್ಲ, ಅನ್ನದ ತುತ್ತು ಹಿಡಿದರೂ ಮೊದಲು ಮೂಸುತ್ತಿದ್ದಳು. ಆಮೇಲೆ ನನ್ನ ಮುಖ ನೋಡುತ್ತಿದ್ದಳು. ಅದಕ್ಕೆ ಕಾರಣ ನಾನೇ. ಅದನ್ನು ಹೇಳದೆ ಈ ಕತೆ ಮುಂದೆ ಹೋಗುವುದಿಲ್ಲ.

ಅದಕ್ಕಿಂತ ನಾಲ್ಕು ತಿಂಗಳ ಹಿಂದೆ ನನಗೆ ಬಡ್ತಿ ಸಿಕ್ಕಿತ್ತು, ಜೊತೆಗೆ ತಿರುವನಂತಪುರಕ್ಕೆ ವರ್ಗ. ಕಾಸರಗೋಡಿನಿಂದ ಬಂದು ಪರೀಕ್ಷೆಯ ಮೇಲೆ ಪರೀಕ್ಷೆ ಬರೆದು ಹಿಡಿದ ಸರಕಾರಿ ಕೆಲಸ, ಬೇಡವೆನ್ನಲು ಮನಸ್ಸಾಗಲಿಲ್ಲ. ಗಂಡ ಕೊಚ್ಚಿಯಲ್ಲಿ ವಕೀಲರು, ಅವರು ಊರು ಬಿಡುವ ಹಾಗಿರಲಿಲ್ಲ. ಮಗು ಹುಟ್ಟಿದಾಗಿನಿಂದಲೂ ಅದನ್ನು ನೋಡಿಕೊಳ್ಳಲು ಪಕ್ಕದ ಓಣಿಯ ಮಲಯಾಳಿ ಹೆಂಗಸೊಬ್ಬಳು ಬರುತ್ತಿದ್ದಳು, ಅವಳನ್ನು ನಾವು ಚೇಚಿ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದೆವು. ನಾನು ವಾರವೆಲ್ಲ ತಿರುವನಂತಪುರದ ತಂಪಾನೂರಿನ ಹತ್ತಿರದ ಮಹಿಳಾ ಹಾಸ್ಟೆಲಿನಲ್ಲಿರುವುದು, ಶುಕ್ರವಾರ ಸಂಜೆ ರೈಲು ಹತ್ತಿ ಮನೆಗೆ ಬರುವುದು, ಭಾನುವಾರ ಹೊರಡುವುದು ಎಂದು ತೀರ್ಮಾನವಾಯಿತು. ಉಳಿದದ್ದು ಒಂದೇ ಸಮಸ್ಯೆ. ಅವಳು ಇನ್ನೂ ಮೊಲೆ ಬಿಟ್ಟಿರಲಿಲ್ಲ.

ಊರಿನಿಂದ ಅಮ್ಮ ಫೋನಿನಲ್ಲಿ ದಾರಿ ಹೇಳಿಕೊಟ್ಟಳು. "ಚೆನ್ನಿನಾಯಕ ಹಚ್ಚು ಮಾರಾಯ್ತಿ. ನಿನಗೂ ಹಾಗೇ ಬಿಡಿಸಿದ್ದು. ಎರಡು ದಿನ ಕೂಗ್ತಾಳೆ, ಮತ್ತೆ ಎಲ್ಲ ಮರೀತಾಳೆ." ಚೇಚಿಯೂ ಅದನ್ನೇ ಹೇಳಿದಳು. ಲೋಳಸರದ ರಸವನ್ನು ಒಣಗಿಸಿ ಮಾಡಿದ ಕಪ್ಪು ಗಟ್ಟಿ ಅದು, ನಾಟಿ ಮದ್ದಿನ ಅಂಗಡಿಯಲ್ಲಿ ಸಿಗುತ್ತದೆ. ನೀರಿನಲ್ಲಿ ತೇದು ಹಚ್ಚಿಕೊಂಡೆ. ಮಗಳು ಎಂದಿನಂತೆ ನಗುತ್ತಾ ಬಂದು ಬಾಯಿ ಹಾಕಿದಳು. ಆ ಕಹಿಗೆ ಅವಳ ಮುಖವೆಲ್ಲ ಮುದುಡಿತು. ಅಳಲಿಲ್ಲ. ಹಿಂದೆ ಸರಿದು ನನ್ನನ್ನು ನೋಡಿದಳು, ಆಮೇಲೆ ನಾಲಗೆಯನ್ನು ತನ್ನ ಫ್ರಾಕಿಗೆ ಒರೆಸಿಕೊಂಡಳು. ಎರಡನೆಯ ಸಲ ಕೇಳಲೇ ಇಲ್ಲ. ಕೆಲಸ ಇಷ್ಟು ಸುಲಭವಾಯಿತಲ್ಲ ಎಂದು ನಾನು ಅಮ್ಮನಿಗೆ ಫೋನು ಮಾಡಿ ಖುಷಿಯಿಂದ ಹೇಳಿದೆ. ಎಂಥ ದಡ್ಡಿ ನಾನು!

ಮರೆಯುತ್ತಾಳೆ ಎಂದಿದ್ದಳು ಅಮ್ಮ. ಅವಳು ಮರೆಯಲಿಲ್ಲ.

ಮದ್ದು ಶುರುವಾದ ಮೇಲೆ ವಾರದ ದಿನಗಳಲ್ಲಿ ಚೇಚಿ ಹಾಡು ಹೇಳಿ, ಕಾಗೆ ತೋರಿಸಿ ಹೇಗೋ ಬಾಯಿಗೆ ಹಾಕುತ್ತಿದ್ದಳು. ಅರ್ಧ ಹೊಟ್ಟೆಗೆ, ಅರ್ಧ ಫ್ರಾಕಿಗೆ. ಎಷ್ಟು ಒಗೆದರೂ ಕಂದು ಕಲೆ ಹೋಗುತ್ತಿರಲಿಲ್ಲ. ಶನಿವಾರ ಭಾನುವಾರ ನನ್ನ ಸರದಿ. ಬೆಲ್ಲದ ನೀರು ತೋರಿಸಿದೆ, ಲಿಂಬೆ ಶರಬತ್ತು ತೋರಿಸಿದೆ, ಬೊಂಬೆಗೆ ಕುಡಿಸುವ ನಾಟಕ ಮಾಡಿದೆ. "ಕಹಿ ಇಲ್ಲ ಪುಟ್ಟೀ, ಸಿಹಿ ಉಂಟು ನೋಡು" ಎಂದೆ. ಅವಳಿಗೆ ನನ್ನ ಕನ್ನಡ ಎಲ್ಲ ತಿಳಿಯುತ್ತಿತ್ತು. ಉತ್ತರ ಮಾತ್ರ ಚೇಚಿಯ ಮಲಯಾಳದಲ್ಲಿ ಬರುತ್ತಿತ್ತು. "ವೇಂಡ." ಬೇಡ. ಅಷ್ಟೇ.

ಒಂದು ಶನಿವಾರ ತಾಳ್ಮೆ ಕೆಟ್ಟು ಕೈಕಾಲು ಒತ್ತಿ ಹಿಡಿದು ಮೂಗು ಮುಚ್ಚಿದೆ. ಉಸಿರು ಕಟ್ಟಿ ಬಾಯಿ ತೆರೆದಾಗ ಸುರಿದೆ. ಕೆಮ್ಮಿದಳು, ಕಣ್ಣು ಮೇಲೆ ಹೋಯಿತು. ಚೇಚಿ ಓಡಿಬಂದು ಅವಳನ್ನು ನನ್ನ ಕೈಯಿಂದ ಕಿತ್ತುಕೊಂಡಳು. "ಇದೆಂಥಾ ಮೋಳೇ? ಮಗು ಸತ್ತುಹೋಗ್ತದೆ!" ಎಂದು ಅವಳ ಭಾಷೆಯಲ್ಲಿ ನನಗೆ ಬೈದಳು. ಮೋಳೇ ಎಂದರೆ ಮಗಳೇ, ಅವಳು ನನ್ನನ್ನು ಕರೆಯುತ್ತಿದ್ದದ್ದೇ ಹಾಗೆ. ಬೈಯಲಿ, ಬೈಯಬೇಕಾದದ್ದೇ. ಆದರೆ ಮಗಳು ಚೇಚಿಯ ಹೆಗಲಿನ ಮೇಲೆ ಮುಖವಿಟ್ಟು ಅತ್ತಳಲ್ಲ, ಅದನ್ನು ನೋಡಿ ನನಗೆ ಹೊಟ್ಟೆ ಉರಿಯಿತು. ಹೌದು, ಹೊಟ್ಟೆಕಿಚ್ಚೇ. ಸುಳ್ಳು ಯಾಕೆ ಹೇಳಲಿ?

"ಅವಳತ್ರ ನಿಜ ಹೇಳು. ಕಹಿ ಉಂಟು, ಆದ್ರೂ ಕುಡಿಬೇಕು ಅಂತ ಹೇಳು" ಎಂದರು ಗಂಡ. "ಕೋರ್ಟಿನಲ್ಲಿ ದಿನಾ ಸಾಕ್ಷಿ ನೋಡ್ತೇನೆ. ನಿನ್ನಷ್ಟು ಸಲೀಸಾಗಿ ಸುಳ್ಳು ಹೇಳುವವರನ್ನು ನೋಡ್ಲಿಲ್ಲ ಮಾರಾಯ್ತಿ."

"ನೀವು ಎಂತದೂ ಹೇಳ್ಬೇಡಿ. ಒಂದು ದಿನ ಕುಡಿಸಿ ತೋರಿಸಿ, ಸಾಕು" ಎಂದು ನಾನು ರೇಗಿದೆ. ಅವರು ಚಮಚ ಹಿಡಿದರು. ಅವರ ಬಿಳಿ ಅಂಗಿ ಒಂದು ಹಾಳಾಯಿತು.

ತಿಂಗಳು ಮುಗಿಯಲು ಇನ್ನು ಎರಡೇ ವಾರ ಇತ್ತು. ಅವಳು ನಾಲ್ಕು ಹೆಜ್ಜೆ ಓಡಿದರೆ ಸಾಕು, ಕುಳಿತುಬಿಡುತ್ತಿದ್ದಳು. ತುಟಿಗೆ ಬಣ್ಣವೇ ಇರಲಿಲ್ಲ. ಅವಳ ಆ ಸಣ್ಣ ಕೈಗೆ ಸೂಜಿ ಚುಚ್ಚಿ ಬೇರೆ ಯಾರದ್ದೋ ರಕ್ತ ಹರಿಸುವುದನ್ನು ಯೋಚಿಸಿದರೆ ನನಗೆ ಕಚೇರಿಯ ಕಡತದ ಅಕ್ಷರಗಳು ಕಾಣುತ್ತಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ನಾನು ಚೀಲ ತುಂಬುತ್ತಿದ್ದೆ. ಅವಳು ಬಂದು ಚೀಲದೊಳಗಿನ ಸೀರೆಯನ್ನು ಹೊರಗೆಳೆದಳು. ಮತ್ತೆ ತುಂಬಿದೆ, ಮತ್ತೆ ಎಳೆದಳು. "ಅಮ್ಮ ಪೋಂಡ" ಎಂದಳು. ಅಮ್ಮ ಹೋಗುವುದು ಬೇಡ. ನಾಲ್ಕು ತಿಂಗಳ ನಂತರ ಅವಳು ನನ್ನಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು. ಆ ಹೊತ್ತಿಗೆ ನನಗೆ ಹೊಳೆದದ್ದಾದರೂ ಏನು? ಮೇಜಿನ ಮೇಲಿದ್ದ ಮದ್ದಿನ ಬಾಟಲಿ.

"ನೀನು ಮದ್ದು ಕುಡಿದ್ರೆ ಅಮ್ಮ ಹೋಗುದಿಲ್ಲ" ಎಂದೆ.

ಅವಳು ಬಾಟಲಿಯನ್ನು ನೋಡಿದಳು, ನನ್ನನ್ನು ನೋಡಿದಳು. ಈ ಸಲ ಮೂಸಲಿಲ್ಲ. ಬಾಯಿ ತೆರೆದಳು. ಅರ್ಧ ಚಮಚವನ್ನೂ ನುಂಗಿದಳು. ಮೈ ಒಮ್ಮೆ ನಡುಗಿತು. ನಾಲಗೆಯನ್ನು ಹೊರಗೆ ಚಾಚಿ, ಪೂರ್ತಿ ಖಾಲಿಯಾಗಿದೆ ಎಂದು ತೋರಿಸಿದಳು. ನಾನು ಅವಳನ್ನು ಎತ್ತಿಕೊಂಡು ಮನೆಯೆಲ್ಲ ಕುಣಿದೆ. ಗಂಡ ಬಾಗಿಲಲ್ಲಿ ನಿಂತಿದ್ದರು, ನಗಲಿಲ್ಲ. ಮಧ್ಯಾಹ್ನ ಅವಳು ನನ್ನ ತೋಳಿನ ಮೇಲೆಯೇ ಮಲಗಿದಳು. ನಿದ್ದೆ ಹಿಡಿದ ಮೇಲೆ ತೋಳನ್ನು ಮೆಲ್ಲನೆ ಎಳೆದುಕೊಂಡು, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಮೆಟ್ಟಿಲಿಳಿದು ರೈಲಿಗೆ ಹೋದೆ.

ಸಂಜೆ ತಂಪಾನೂರಿನಲ್ಲಿ ರೈಲಿಳಿದವಳೇ ಎದುರಿನ ಬಸ್ ನಿಲ್ದಾಣದ ಫೋನು ಬೂತಿಗೆ ಹೋದೆ. ಆಗಿನ್ನೂ ನನ್ನ ಹತ್ತಿರ ಮೊಬೈಲು ಇರಲಿಲ್ಲ. ಫೋನು ಎತ್ತಿದ್ದು ಚೇಚಿ.

"ಎದ್ದಳಾ? ಅತ್ತಳಾ?" ಎಂದು ಕೇಳಿದೆ.

ಅಳಲಿಲ್ಲ ಎಂದಳು ಚೇಚಿ. ಎದ್ದು ಮಂಚದ ಕೆಳಗೆ ನೋಡಿದಳಂತೆ, ಬಚ್ಚಲಲ್ಲಿ ನೋಡಿದಳಂತೆ. ಆಮೇಲೆ ಕುರ್ಚಿ ಹತ್ತಿ ಮೇಜಿನ ಮೇಲಿನ ಬಾಟಲಿ ತಂದು ಚೇಚಿಯ ಕೈಗೆ ಕೊಟ್ಟು ಬಾಯಿ ತೆರೆದು ನಿಂತಳಂತೆ. ದಿನಕ್ಕೆ ಒಂದೇ ಸಲ ಎಂದು ಡಾಕ್ಟರು ಹೇಳಿದ್ದರಲ್ಲ, ಚೇಚಿ ಜಾಣೆ, ಬೆಲ್ಲದ ನೀರನ್ನು ಚಮಚದಲ್ಲಿ ಹಾಕಿ ಕೊಟ್ಟಳು. ಮಗಳು ಅದನ್ನು ಉಗುಳಿದಳು.

"ಇದಲ್ಲ ಅಂತಾಳೆ ಮೋಳೇ. ಕಹಿಯದ್ದೇ ಬೇಕಂತೆ. ಅದನ್ನು ಕುಡಿದರೇ ಅಮ್ಮ ಬರುವುದಂತೆ" ಎಂದಳು ಚೇಚಿ. "ಈಗಲೂ ಬಾಟಲಿ ಹಿಡ್ಕೊಂಡು ಬಾಗಿಲ ಹತ್ರ ಕೂತಿದ್ದಾಳೆ. ನಾನೆಂತ ಹೇಳಲಿ?"

ಹಿಂದೆ ಸರದಿಯಲ್ಲಿ ನಿಂತವನು ಗಾಜು ತಟ್ಟಿದ. ಫೋನು ಇಟ್ಟು, ಬೂತಿನ ಹೊರಗೆ ಬಸ್ಸುಗಳ ನಡುವೆ ನಿಂತು ಜನರೆದುರೇ ಗಟ್ಟಿಯಾಗಿ ಅತ್ತೆ.

ಆಮೇಲೆ ಅವಳು ಒಂದು ದಿನವೂ ಮದ್ದು ಬೇಡ ಎನ್ನಲಿಲ್ಲ. ಚೇಚಿ ಚಮಚ ತೆಗೆದರೆ ಸಾಕು, ತಾನೇ ಬಂದು ಬಾಯಿ ತೆರೆಯುತ್ತಿದ್ದಳು, ನುಂಗಿ ಬಾಗಿಲ ಕಡೆ ನೋಡುತ್ತಿದ್ದಳು. ಗೋಡೆ ಕೆರೆಯುವುದು ನಿಂತಿತು. ತುಟಿಗೆ ಬಣ್ಣ ಬಂತು. ಭಾನುವಾರ ಮಧ್ಯಾಹ್ನ ನಿದ್ದೆ ಮಾಡುವುದನ್ನು ಮಾತ್ರ ಬಿಟ್ಟುಬಿಟ್ಟಳು. ಕಣ್ಣು ಎಳೆಯುತ್ತಿದ್ದರೂ ನನ್ನ ಸೆರಗನ್ನು ಮುಷ್ಟಿಯಲ್ಲಿ ಸುತ್ತಿಕೊಂಡು ಕುಳಿತಿರುತ್ತಿದ್ದಳು.

ತಿಂಗಳ ಕೊನೆಗೆ ರಜೆ ಹಾಕಿ ಅವಳನ್ನು ಡಾಕ್ಟರ ಬಳಿಗೆ ಕರೆದುಕೊಂಡು ಹೋದೆ. ಅವರು ರಿಪೋರ್ಟು ನೋಡಿ ತುಂಬಾ ಸಂತೋಷಪಟ್ಟರು. ಈ ಮದ್ದನ್ನು ಮಕ್ಕಳು ಸುಲಭಕ್ಕೆ ಕುಡಿಯುವುದಿಲ್ಲ, ನೀವು ಹೇಗೆ ಕುಡಿಸಿದಿರಿ ಎಂದು ಕೇಳಿದರು. ಮಗಳು ನನ್ನ ತೊಡೆಯ ಮೇಲೆ ಕುಳಿತು ನನ್ನ ಚೀಲದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಬೆಲ್ಲದ ನೀರಿನಲ್ಲಿ" ಎಂದೆ.