ಟರ್ನ್ ಲೆಫ್ಟ್ ಎಂದ ಮಧ್ಯಾಹ್ನ

ಇವತ್ತು ಆಟೋದವನ ಫೋನು 'ಟರ್ನ್ ಲೆಫ್ಟ್' ಎಂದಿತು. ನನ್ನ ಅಂಗಾಲು ಸುಟ್ಟಿತು.

ನಾನು ಶಾಲೆಗೆ ಹೋಗುತ್ತಿದ್ದಾಗ ಅಪ್ಪಯ್ಯ ವಡಪಳನಿಯ ಹೋಟೆಲಿನಲ್ಲಿ ಸಪ್ಲೈಯರ್. ಮಗಳ ಇಂಗ್ಲಿಷನ್ನು ಗಿರಾಕಿಗಳ ಮುಂದೆ ಮೆರೆಸುವುದು ಅವರ ಚಟ. ಒಂದು ಮಧ್ಯಾಹ್ನ ಯಾರೋ ದೇವಸ್ಥಾನದ ದಾರಿ ಕೇಳಿದರು. ರೈಟ್ ಎನ್ನಬೇಕಾದಲ್ಲಿ ನಾನು ಲೆಫ್ಟ್ ಎಂದೆ. ಎಲ್ಲರೂ ನಕ್ಕರು.

"ಚಪ್ಪಲಿ ಬಿಚ್ಚಿ ಇಲ್ಲಿ ಕೊಡು. ನೀ ಹೇಳಿದ ದಾರಿಯಲ್ಲೇ ಹೋಗು. ದೇವಸ್ಥಾನ ಸಿಕ್ಕಿದ್ರೆ ಮಾತ್ರ ವಾಪಸ್ ಬಾ ಮಾರಾಯ್ತಿ" ಎಂದು ಅಪ್ಪಯ್ಯ ಬಿಸಿಲಿಗೆ ಅಟ್ಟಿದರು. ಸಂಜೆ ಹೂವಿನವಳೊಬ್ಬಳು ನನ್ನನ್ನು ಕರೆತಂದಳು. ಆಮೇಲೆ ನನಗೆ ಎಡಬಲ ತಪ್ಪಿಲ್ಲ, ಪಾಠ ಅಷ್ಟು ಚೆನ್ನಾಗಿತ್ತು.

ಅಪ್ಪಯ್ಯನಿಗೆ ಈಗ ಮರೆವು. ಇವತ್ತು ನನ್ನ ಜೊತೆ ಆಟೋ ಇಳಿದವರೇ ಬೀದಿಯ ತಿರುವಿನಲ್ಲಿ ನಿಂತು, "ಮನೆ ಯಾವ ಬದಿ ಮಗಾ?" ಎಂದರು.

"ಇಂಗ್ಲಿಷಲ್ಲಿ ಕೇಳಿ ಅಪ್ಪಯ್ಯ, ಹೇಳ್ತೇನೆ."

ಅವರು ಚಪ್ಪಲಿ ಬಿಚ್ಚಿ ನನ್ನ ಕೈಗಿಟ್ಟರು.