ಮೇಜು ಹಿಡಿದು ಮಾಡಿದ ಪಾಠ

ಮೊನ್ನೆ ಮೊಮ್ಮಗಳು ಕಾಲೇಜಿನ ಪುಸ್ತಕ ತೆರೆದು, "ಅಜ್ಜಿ, ಟ್ರಾನ್ಸೆಂಡೆಂಟಲಿಸಂ ಅಂದ್ರೇನು?" ಎಂದಳು. ಹುರುಳಿಕಾಯಿ ಸೋಸುತ್ತಿದ್ದ ನನ್ನ ಕೈ ನಿಂತಿತು. ಉತ್ತರ ಗೊತ್ತಿಲ್ಲದೆ ಅಲ್ಲ, ನಂಬಿ. ಆ ಪದ ಕಿವಿಗೆ ಬಿದ್ದರೆ ಇಂದಿಗೂ ನನ್ನ ಬೆನ್ನು ತಣ್ಣಗಾಗುತ್ತದೆ.

ಅದನ್ನು ಕಲಿಸಿದವರು ದೊಡ್ಡಬಳ್ಳಾಪುರದಲ್ಲಿ ನಮಗೆ ಇಂಗ್ಲಿಷ್ ಹೇಳುತ್ತಿದ್ದ ರಂಗಣ್ಣ ಮೇಷ್ಟ್ರು. ತುರ್ತು ಪರಿಸ್ಥಿತಿಯ ಕಾಲ. ಆಚೆ ಬೀದಿಯ ಮಗ್ಗಗಳ ಸದ್ದಿನಲ್ಲಿ ಅವರ ಮೆಲುದನಿ ಅರ್ಧ ಕೇಳುತ್ತಿರಲಿಲ್ಲ. ಮಗ್ಗದ ಮನೆಯಲ್ಲೇ ಬೆಳೆದ ನನಗೆ ಆ ಸದ್ದಿದ್ದರೇನೇ ನಿದ್ದೆ, ತರಗತಿಯಲ್ಲೂ.

"ನೂರು ವರ್ಷಕ್ಕೂ ಹಿಂದೆ ಅಮೆರಿಕದಲ್ಲಿ ಕೆಲವರಿದ್ರು ಕಣ್ರಮ್ಮಾ," ಎನ್ನುತ್ತಿದ್ದರು ಮೇಷ್ಟ್ರು. "ಸತ್ಯ ತಿಳ್ಕೊಳ್ಳೋಕೆ ಪಾದ್ರಿ ಅಪ್ಪಣೆ ಬೇಡ, ಒಬ್ಬೊಬ್ಬರ ಒಳಗೂ ಬೆಳಕಿದೆ ಅಂದ್ರು. ಕಾಡು, ಕೆರೆ, ಬಂಡೆ ಎಲ್ಲದ್ರಲ್ಲೂ ಅದೇ ಚೈತನ್ಯ ಕಂಡ್ರು. ನಮ್ಮ ಉಪನಿಷತ್ತನ್ನೂ ಓದ್ಕೊಂಡಿದ್ರು."

ಅವರಲ್ಲೊಬ್ಬ ಕೆರೆಯ ದಡದಲ್ಲಿ ಗುಡಿಸಲು ಕಟ್ಟಿಕೊಂಡು ಒಬ್ಬನೇ ಇದ್ದನಂತೆ. ನಮ್ಮ ಹುಡುಗರಿಗೆ ಇದು ಬಹಳ ಹಿಡಿಸಿತು. ಊರ ಹತ್ತಿರದ ಮಾಕಳಿದುರ್ಗದ ಬೆಟ್ಟದಲ್ಲಿ ಗುಡಿಸಲು ಹಾಕುವ ಮಾತೂ ಆಯಿತು. ಊಟ ಯಾರು ತರುವುದು ಎಂಬಲ್ಲಿಗೆ ಅದು ನಿಂತಿತು.

ಮುಂದಿನ ಪಾಠದಲ್ಲಿ ಅದೇ ಮನುಷ್ಯ, ಗುಲಾಮಗಿರಿಯನ್ನು ಸಾಕುವ ಸರ್ಕಾರಕ್ಕೆ ತೆರಿಗೆ ಕೊಡುವುದಿಲ್ಲವೆಂದು ಜೈಲಿಗೆ ಹೋಗುತ್ತಾನೆ. ಅದನ್ನು ಬಿಟ್ಟುಬಿಡಿ ಎಂದು ಮೇಷ್ಟ್ರಿಗೆ ಮೇಲಿನವರು ಹೇಳಿದ್ದರಂತೆ.

ಆ ಪಾಠದ ಹಿಂದಿನ ದಿನ ಸಂಜೆ ನಮ್ಮ ಮನೆಗೆ ಹೊಳೆಯುವ ಬೂಟಿನವನೊಬ್ಬ ಬಂದ. ಎಲ್ಲಿಂದ ಬಂದೆನೆಂದು ಹೇಳಲಿಲ್ಲ. ಅಪ್ಪ ಮಗ್ಗ ನಿಲ್ಲಿಸಿದರು.

"ನಿಮ್ಮ ಮೇಷ್ಟ್ರು ಸರ್ಕಾರದ ಮೇಲೆ ಏನೇನ್ ಮಾತಾಡ್ತಾರಮ್ಮಾ?"

"ಪಾಠ ಮಾಡ್ತಾರೆ ಸಾರ್."

"ಯೋಚ್ನೆ ಮಾಡಿ ಹೇಳು. ನಿಮ್ಮಪ್ಪನ ಮಗ್ಗಕ್ಕೆ ಕರೆಂಟು ಬೇಕಲ್ವಾ?"

ಅಪ್ಪ ನನ್ನತ್ತ ನೋಡದೆ ನೂಲಿನ ತುದಿ ಹೊಸೆಯುತ್ತಿದ್ದರು.

"ಪಾಠಾನೇ ಮಾಡ್ತಾರೆ ಸಾರ್," ಎಂದೆ. ಧೈರ್ಯವೆಂದುಕೊಳ್ಳಬೇಡಿ, ಬೇರೆ ಮಾತೇ ಹೊಳೆಯಲಿಲ್ಲ. ಅವನು ಹೋದ ಮೇಲೂ ಅಪ್ಪ ಬಹಳ ಹೊತ್ತು ಮಗ್ಗ ಹಾಕಲಿಲ್ಲ.

ಬೆಳಗ್ಗೆ ಮೇಷ್ಟ್ರಿಗೆ ಎಲ್ಲ ಹೇಳಿದೆ. "ಹೂಂ" ಎಂದು ತರಗತಿಯೊಳಗೆ ಹೋದರು. ಕೊನೆಯ ಬೆಂಚಿನಲ್ಲಿ ಆ ಬೂಟಿನವನೇ ಕೂತಿದ್ದ. ಮೇಷ್ಟ್ರು ಒಂದು ವಾಕ್ಯವನ್ನೂ ಬಿಡಲಿಲ್ಲ. ಜೈಲಿನ ಭಾಗವನ್ನಂತೂ ಕನ್ನಡದಲ್ಲೂ ಬಿಡಿಸಿ ಹೇಳಿದರು. ಆ ವಾರ ಕಳೆಯುವುದರೊಳಗೆ ಅವರ ಮನೆಗೆ ಬೀಗ ಬಿತ್ತು. ಎಲ್ಲಿಗೆ ಹೋದರೆಂದು ನಾವು ಒಬ್ಬರನ್ನೊಬ್ಬರು ಕೇಳಿಕೊಳ್ಳಲೂ ಹೆದರಿದೆವು. ಮನೆಯಲ್ಲಿ ಕರೆಂಟು ಹೋದಾಗಲೆಲ್ಲ ಅಪ್ಪನೂ ನಾನೂ ಮುಖ ಮುಖ ನೋಡಿಕೊಳ್ಳುತ್ತಿದ್ದೆವು.

ಆ ಕಾಲ ಕಳೆದ ಮೇಲೆ ಹೊಸಕೋಟೆಯ ಬಸ್ ಸ್ಟ್ಯಾಂಡಿನಲ್ಲಿ ಮೇಷ್ಟ್ರು ಸಿಕ್ಕರು. ಜೈಲಿನಲ್ಲಿದ್ದು ಬಂದಿದ್ದರು, ಬಹಳ ಇಳಿದುಹೋಗಿದ್ದರು. ಕೆಲಸ ಹೋಗಿತ್ತು, ಮನೆಪಾಠ ಹೇಳುತ್ತಿದ್ದರು.

"ಆವತ್ತು ಹೆದರಿಕೆ ಆಗ್ಲಿಲ್ವಾ ಸಾರ್?"

"ಆಗ್ದೆ ಏನಮ್ಮಾ. ಕಾಲು ನಿಲ್ತಿರ್ಲಿಲ್ಲ. ಮೇಜು ಹಿಡ್ಕೊಂಡೇ ಮುಗಿಸ್ದೆ."

ಮೊದಲ ಬೆಂಚಿನಲ್ಲೇ ಕೂತಿದ್ದ ನನಗೆ ಅದು ಕಂಡಿರಲಿಲ್ಲ.

ಇದನ್ನು ಈವರೆಗೆ ನಾನು ಯಾರಿಗೂ ಹೇಳಿರಲಿಲ್ಲ. ಮೊಮ್ಮಗಳು ಎಲ್ಲ ಕೇಳಿಸಿಕೊಂಡು, "ಆ ಬೂಟಿನವನು ಮತ್ತೆ ಬಂದಿದ್ರೆ ಏನ್ ಹೇಳ್ತಿದ್ದೆ ಅಜ್ಜಿ?" ಎಂದಳು.

"ಗೊತ್ತಿಲ್ಲ ಕಣೇ."

ಅವಳು ಹತ್ತಿರ ಸರಿದು ಕೂತಳು. "ಆ ಪಾಠ ನಂಗೂ ಹೇಳು."

ಜೈಲಿನ ಭಾಗದಿಂದಲೇ ಶುರು ಮಾಡಿದೆ, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ.